ಮೊದಲ ಸಲ ಮೌಸ್ ಹಿಡಿಯುವವರಿಗೆ ಕೈಪಿಡಿ ಬರೆಯುವುದು ಹೇಗೆ

"ಯವ್ವಾ, ಸೆಲ್ ಅಂದ್ರ ಬ್ಯಾಟರಿಗೆ ಹಾಕತಾರಲ್ಲ, ಅದಾ?"

ಕಾಕಾ ಇದನ್ನು ಕೇಳಿದಾಗ ನಾನು ಬರೆದ ಕೈಪಿಡಿಯ ಮೊದಲ ಪುಟ ಅವರ ಕೈಯಲ್ಲಿತ್ತು. ಎರಡನೇ ಸಾಲಿನಲ್ಲಿ "ಬಿ2 ಸೆಲ್ ಆಯ್ಕೆ ಮಾಡಿ" ಎಂದಿತ್ತು. 14 ಪುಟದ ಕೈಪಿಡಿ, ಬರೆಯಲು ಮೂರು ವಾರ ಹಿಡಿದಿತ್ತು. ಎರಡನೇ ಸಾಲಿಗೇ ನಿಂತುಬಿಟ್ಟಿತು.

ಕಾಕಾ ಕಾರಟಗಿ ಕಡೆಯ ಒಂದು ರೈಸ್ ಮಿಲ್ಲಿನಲ್ಲಿ ಗುಮಾಸ್ತರು. ನೆಲ್ಲಿನ ಆವಕ ಬರೆಯುವುದು ಅವರ ಕೆಲಸ. ಯಾವ ಲಾರಿ ಬಂತು, ಯಾರ ನೆಲ್ಲು, ಎಷ್ಟು ಚೀಲ, ಕಾಟಾದಲ್ಲಿ ಎಷ್ಟು ತೂಕ ಬಿತ್ತು, ಎಲ್ಲವೂ ಉದ್ದನೆಯ ಖಾತೆ ಪುಸ್ತಕದಲ್ಲಿ ಅವರ ಕೈಬರಹದಲ್ಲೇ ಇರುತ್ತದೆ. 75 ಕೆ.ಜಿ. ಚೀಲದ ಲೆಕ್ಕವನ್ನು ಬಾಯಲ್ಲೇ ಮಾಡಿ ಹೇಳುತ್ತಾರೆ. ಮಾಲೀಕರು ಈ ಲೆಕ್ಕ ಕಂಪ್ಯೂಟರಿನಲ್ಲೂ ಇರಲಿ ಅಂದರು. ನಾನು ಗಂಗಾವತಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತೇನೆ. ಮಿಲ್ಲಿನ ಕಂಪ್ಯೂಟರಿಗೆ ಲಿಬ್ರೆಆಫೀಸ್ ಎನ್ನುವ ಪುಕ್ಕಟೆ ಸಾಫ್ಟ್‌ವೇರ್ ಹಾಕಿದೆ. ಅದರಲ್ಲಿ ಲೆಕ್ಕದ ಪಟ್ಟಿ ಮಾಡುವ ಭಾಗಕ್ಕೆ ಕ್ಯಾಲ್ಕ್ ಅನ್ನುತ್ತಾರೆ. ಆ ಕ್ಯಾಲ್ಕ್‌ನಲ್ಲಿ ಆವಕದ ಪಟ್ಟಿ ಮಾಡುವುದು ಹೇಗೆ ಎಂದು ಕನ್ನಡದಲ್ಲಿ ಬರೆದುಕೊಟ್ಟೆ.

ಕಾಕಾ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಕಡೆ ಬ್ಯಾಟರಿ ಅಂದರೆ ಟಾರ್ಚು, ಸೆಲ್ ಅಂದರೆ ಅದರೊಳಗೆ ಹಾಕುವುದು. ನಾನು ಪರದೆಯ ಮೇಲೆ ಬೆರಳಿಟ್ಟು, ಈ ಚೌಕಕ್ಕೇ ಸೆಲ್ ಅನ್ನುತ್ತಾರೆ ಅಂದೆ. "ಹಂಗಾದ್ರ ಮನಿ ಅಂತ ಬರಿಯವಾ. ಪಗಡಿ ಆಡೋವಾಗ ಮನಿ ಅಂತೀವಲ್ಲ, ಹಂಗ" ಅಂದರು. ಆಮೇಲೆ ಅವರಿಗೆ ಎಲ್ಲೂ ತೊಂದರೆ ಆಗಲಿಲ್ಲ. ಬಿ ಓಣಿ, ಎರಡನೇ ಮನೆ.

ಕೈಪಿಡಿ ಬರೆಯುವುದನ್ನು ನಾನು ಕಲಿತದ್ದು ಆ ಮಧ್ಯಾಹ್ನದಿಂದ. ಅಲ್ಲಿಂದ ಈಚೆಗೆ ಅದೇ ಕೈಪಿಡಿಯನ್ನು ಐದು ಸಲ ತಿದ್ದಿದ್ದೇನೆ, ಬೇರೆ ಎರಡು ಬರೆದಿದ್ದೇನೆ. ಓಪನ್ ಸೋರ್ಸ್ ಸಾಫ್ಟ್‌ವೇರಿಗೆ, ಅಂದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಸಾಫ್ಟ್‌ವೇರಿಗೆ, ಕನ್ನಡದಲ್ಲಿ ಕೈಪಿಡಿ ಬರೆಯಬೇಕು ಅಂತ ಆಸೆ ಇರುವವರಿಗೆ ನಾನು ಮಾಡುವ ರೀತಿಯನ್ನು ಹೇಳುತ್ತೇನೆ.

ಇದು ಯಾಕೆ ಇಷ್ಟು ಮುಖ್ಯ ಅಂದರೆ, ಓಪನ್ ಸೋರ್ಸ್ ಸಾಫ್ಟ್‌ವೇರನ್ನು ಮನೆ ಬಾಗಿಲಿಗೆ ಬಂದು ಮಾರುವವರಿಲ್ಲ. ಮಾರಿದ ಮೇಲೆ ಬಂದು ಹೇಳಿಕೊಡುವವರೂ ಇಲ್ಲ. ಕೈಪಿಡಿಯೇ ಆ ಮನುಷ್ಯನ ಜಾಗದಲ್ಲಿ ನಿಲ್ಲಬೇಕು. ಸಾಫ್ಟ್‌ವೇರಿನ ಕೋಡ್ ಇಟ್ಟು ಹಂಚಿಕೊಳ್ಳುವ ಜಾಲತಾಣವಾದ ಗಿಟ್‌ಹಬ್ 2017ರಲ್ಲಿ ಓಪನ್ ಸೋರ್ಸ್ ಬಳಸುವವರನ್ನೂ ಬರೆಯುವವರನ್ನೂ ಕೇಳಿ ಒಂದು ಸಮೀಕ್ಷೆ ಮಾಡಿತ್ತು. ಅರ್ಧಂಬರ್ಧ ಇರುವ, ಗೊಂದಲದ ಕೈಪಿಡಿಯ ತೊಂದರೆ ತಮಗೆ ಎದುರಾಗಿದೆ ಎಂದು 93% ಜನ ಹೇಳಿದ್ದರು. ಅದೇ ಸಮೀಕ್ಷೆಯಲ್ಲಿ, ಓಪನ್ ಸೋರ್ಸಿಗೆ ಕೆಲಸ ಮಾಡಿಕೊಡುವವರಲ್ಲಿ 60% ಜನ ಕೈಪಿಡಿಗೆ ಕೈ ಹಾಕುವುದೇ ಅಪರೂಪ ಎಂದೂ ಬಂತು. ಅದು ಕಂಪ್ಯೂಟರ್ ಬಲ್ಲ ಜನರ ಮಾತು. ಕಾಕಾನಂಥವರ ಪಾಡು ಏನಿರಬೇಕು, ನೀವೇ ಯೋಚಿಸಿ.

ಒಬ್ಬರಿಗೆ ಬರೆಯಿರಿ

"ಎಲ್ಲರಿಗೂ ಅರ್ಥವಾಗುವ ಹಾಗೆ" ಅಂತ ಕೂತರೆ ಯಾರಿಗೂ ಅರ್ಥವಾಗುವುದಿಲ್ಲ. ಒಬ್ಬರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಅವರು ನಿಜವಾಗಿ ಇರುವವರಾದರೆ ಇನ್ನೂ ಒಳ್ಳೆಯದು.

ಬರೆಯುವ ಮೊದಲು ಒಂದು ಹಾಳೆ ತೆಗೆದುಕೊಂಡು ಆ ಒಬ್ಬರಿಗೆ ಏನು ಗೊತ್ತು, ಏನು ಗೊತ್ತಿಲ್ಲ ಅಂತ ಬರೆಯಿರಿ. ಕಾಕಾನ ಹಾಳೆಯಲ್ಲಿ ಹೀಗಿತ್ತು. ವಾಟ್ಸ್‌ಆ್ಯಪ್ ಗೊತ್ತು, ಫೋಟೋ ಕಳಿಸುತ್ತಾರೆ. ಖಾತೆ ಬರೆಯುವುದು ನನಗಿಂತ ನೂರು ಪಾಲು ಚೆನ್ನಾಗಿ ಗೊತ್ತು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತಾರೆ, ಅರ್ಥ ಆಗುವುದಿಲ್ಲ. ಬಲಗಡೆ ಕ್ಲಿಕ್ ಅಂದರೆ ಗೊತ್ತಿಲ್ಲ. ಎರಡು ಸಲ ಬೇಗ ಕ್ಲಿಕ್ ಮಾಡಲು ಕೈ ಕೂಡಿಬರುವುದಿಲ್ಲ. ಫೈಲ್ ಎಲ್ಲಿ ಹೋಗಿ ಕೂರುತ್ತದೆ ಅನ್ನುವ ಕಲ್ಪನೆ ಇಲ್ಲ, ಯಾಕಂದರೆ ಫೋನಿನಲ್ಲಿ ಅದನ್ನು ಯಾರೂ ಕೇಳುವುದಿಲ್ಲ.

ಈ ಹಾಳೆಯಲ್ಲಿ "ಗೊತ್ತು" ಅನ್ನುವ ಭಾಗವೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಗುಮಾಸ್ತರಿಗೆ ಕಂಪ್ಯೂಟರ್ ಬಾರದೇ ಇರಬಹುದು, ಲೆಕ್ಕ ಬರುತ್ತದೆ. ಹಾಗಾಗಿ ಕೂಡುವುದು ಕಳೆಯುವುದನ್ನು ಮಕ್ಕಳಿಗೆ ಹೇಳಿದ ಹಾಗೆ ಹೇಳಬೇಡಿ. ಅವರಿಗೆ ಗೊತ್ತಿರುವ ಖಾತೆ ಪುಸ್ತಕದ ಪುಟವನ್ನೇ ತೆರೆಯ ಮೇಲೆ ತನ್ನಿ. ನನ್ನ ಮೊದಲ ಕೈಪಿಡಿಯಲ್ಲಿ ಉದಾಹರಣೆಗೆ ವಿದ್ಯಾರ್ಥಿಗಳ ಅಂಕಪಟ್ಟಿ ಇತ್ತು, ಕ್ಲಾಸಿನಲ್ಲಿ ಅದನ್ನೇ ಹೇಳಿಕೊಟ್ಟು ರೂಢಿ. ಈಗ ಇರುವುದು ಲಾರಿ ನಂಬರು, ಚೀಲ, ತೂಕ, ಬಾಕಿ. ಕಾಕಾನ ಖಾತೆಯಲ್ಲಿ ಯಾವ ಕ್ರಮದಲ್ಲಿ ಇದೆಯೋ ಅದೇ ಕ್ರಮ.

ನಿಮ್ಮ ಕಂಪ್ಯೂಟರನ್ನು ನಂಬಬೇಡಿ

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ನಾನು ಅತಿ ಹೆಚ್ಚು ಕಲಿತದ್ದು ಇಲ್ಲೇ.

ನವೆಂಬರ್, ಡಿಸೆಂಬರಿನಲ್ಲಿ ನಮ್ಮಲ್ಲಿ ಸುಗ್ಗಿ. ತುಂಗಭದ್ರಾ ಎಡದಂಡೆ ಕಾಲುವೆಯ ನೆಲ್ಲೆಲ್ಲ ಮಿಲ್ಲುಗಳಿಗೆ ಬರುವ ಹೊತ್ತು. ಕಾಕಾ ಎರಡು ತಿಂಗಳ ಆವಕವನ್ನು ಕ್ಯಾಲ್ಕ್‌ನಲ್ಲಿ ಹಾಕಿದ್ದರು. ಒಂದು ದಿನ ಫೋನ್ ಮಾಡಿದರು. ತಾರೀಕಿನ ಪ್ರಕಾರ ಜೋಡಿಸಿದರೆ ಎಲ್ಲ ಅಸ್ತವ್ಯಸ್ತ ಆಗುತ್ತದೆ ಅಂದರು. ಹೋಗಿ ನೋಡಿದೆ. ನವೆಂಬರ್ 5ರ ಲಾರಿಯ ಕೆಳಗೆ ಡಿಸೆಂಬರ್ 5ರ ಲಾರಿ ಇತ್ತು. ಅದರ ಕೆಳಗೆ ನವೆಂಬರ್ 6, ಆಮೇಲೆ ಡಿಸೆಂಬರ್ 6. ಪುಸ್ತಕದಲ್ಲಿ ಎಲ್ಲವೂ ಸರಿಯಾಗಿತ್ತು, ಕಂಪ್ಯೂಟರಿನಲ್ಲಿ ಎರಡು ತಿಂಗಳು ಒಂದರೊಳಗೊಂದು ಹೆಣೆದುಕೊಂಡಿದ್ದವು.

ಕಾಕಾನೇ ಒಂದು ವಿಷಯ ಗಮನಿಸಿದ್ದರು. "ಹನ್ನೆರಡನೇ ತಾರೀಕಿನ ತನ ಅಂಕಿ ಬಲಕ್ಕ ನಿಂತಾವ, ಹದಿಮೂರರಿಂದ ಎಡಕ್ಕ ಸರದಾವ ನೋಡು" ಅಂದರು.

ಅಲ್ಲೇ ಉತ್ತರ ಇತ್ತು. ಆ ಕಂಪ್ಯೂಟರಿನ ಪ್ರದೇಶ ಅಮೆರಿಕ ಎಂದಿತ್ತು. ಅಲ್ಲಿನವರು ತಿಂಗಳು ಮೊದಲು, ದಿನ ಆಮೇಲೆ ಬರೆಯುತ್ತಾರೆ. ಕಾಕಾ 05/11 ಎಂದು ಹಾಕಿದರೆ ಕ್ಯಾಲ್ಕ್ ಅದನ್ನು ಮೇ 11 ಎಂದು ತಿಳಿಯಿತು. 13/11 ಎಂದು ಹಾಕಿದಾಗ 13ನೇ ತಿಂಗಳು ಇಲ್ಲವಲ್ಲ, ಅದು ತಾರೀಕೇ ಅಲ್ಲ, ಬರೀ ಅಕ್ಷರ ಎಂದು ಎಡಕ್ಕೆ ತಳ್ಳಿತು. ನೋಡುವ ಕಣ್ಣಿಗೆ ಎರಡೂ ಸರಿಯಾಗೇ ಕಾಣುತ್ತವೆ. ಒಂದೇ ತಿಂಗಳ ಪಟ್ಟಿಯಾಗಿದ್ದರೆ ಜೋಡಣೆಯೂ ಸರಿಯಾಗೇ ಬರುತ್ತಿತ್ತು. ಎರಡು ತಿಂಗಳು ಕೂಡಿದಾಗಲೇ ಬಣ್ಣ ಬಯಲಾದದ್ದು.

ನನ್ನ ಕೈಪಿಡಿಯಲ್ಲಿ ಇದರ ಸುಳಿವೇ ಇರಲಿಲ್ಲ. ಯಾಕೆ? ನನ್ನ ಕಂಪ್ಯೂಟರಿನಲ್ಲಿ ಪ್ರದೇಶವನ್ನು ಭಾರತ ಎಂದು ಯಾವಾಗಲೋ ಹಾಕಿಬಿಟ್ಟಿದ್ದೆ. ಹಾಕಿದ್ದು ಮರೆತೂ ಹೋಗಿತ್ತು. ನನ್ನಲ್ಲಿ ಎಲ್ಲ ಸರಿಯಾಗಿ ಬರುತ್ತಿದ್ದರಿಂದ ಎಲ್ಲರಲ್ಲೂ ಬರುತ್ತದೆ ಎಂದುಕೊಂಡೆ. ಕಾಕಾ ಎರಡು ತಿಂಗಳ ತಾರೀಕನ್ನು ಮತ್ತೆ ಕೂತು ಹಾಕಬೇಕಾಯಿತು. ಪ್ರದೇಶ (ಲಿಬ್ರೆಆಫೀಸಿನಲ್ಲಿ ಅದಕ್ಕೆ ಲೊಕೇಲ್ ಎಂದು ಹೆಸರು) ಬದಲಿಸಿದ ಮೇಲೆ ಹಾಕುವ ತಾರೀಕು ಸರಿಯಾಗುತ್ತದೆಯೇ ಹೊರತು ಹಿಂದೆ ಹಾಕಿದ್ದು ತಾನಾಗಿ ಸರಿಹೋಗುವುದಿಲ್ಲ. ಮೂರು ದಿನ ಅವರ ಪಕ್ಕ ಕೂತು ನಾನೂ ಹಾಕಿದೆ.

ಆವತ್ತಿನಿಂದ ಕೈಪಿಡಿ ಬರೆಯುವಾಗ ನನ್ನ ಅಕೌಂಟಿನಲ್ಲಿ ಬರೆಯುವುದಿಲ್ಲ. ಕಂಪ್ಯೂಟರಿನಲ್ಲಿ ಒಂದು ಹೊಸ ಯೂಸರ್ ಅಕೌಂಟ್ ಮಾಡುತ್ತೇನೆ. ಅದರ ಭಾಷೆ, ಪ್ರದೇಶ ಎಲ್ಲವನ್ನೂ ಓದುವವರ ಕಂಪ್ಯೂಟರಿನಲ್ಲಿ ಹೇಗಿದೆಯೋ ಹಾಗೇ ಇಡುತ್ತೇನೆ. ಒಂದೊಂದು ಹೆಜ್ಜೆಯನ್ನೂ ಅಲ್ಲಿ ಮಾಡಿ ನೋಡಿದ ಮೇಲೆಯೇ ಬರೆಯುವುದು. ಹೊಸ ಅಕೌಂಟ್ ಮಾಡಲು ಆಗದಿದ್ದರೆ ಲಿಬ್ರೆಆಫೀಸಿನ ಹೆಲ್ಪ್ ಮೆನುವಿನಲ್ಲಿ ಸೇಫ್ ಮೋಡ್‌ನಲ್ಲಿ ಮತ್ತೆ ಶುರು ಮಾಡುವ ಆಯ್ಕೆ ಇದೆ. ಅದು ನಿಮ್ಮ ಹಳೆಯ ಸೆಟ್ಟಿಂಗ್ಸ್ ಬಿಟ್ಟು, ತಾತ್ಕಾಲಿಕವಾಗಿ ಹೊಸದರಂತೆ ತೆರೆದುಕೊಳ್ಳುತ್ತದೆ. ಬೇರೆ ಸಾಫ್ಟ್‌ವೇರಿಗೆ ಬರೆಯುವವರೂ ಇಂಥದ್ದೊಂದು ದಾರಿ ಹುಡುಕಿಕೊಳ್ಳಿ. ನಮ್ಮ ಕೈಗೆ ಒಗ್ಗಿದ ಕಂಪ್ಯೂಟರು ನಮ್ಮ ತಪ್ಪುಗಳನ್ನು ಮುಚ್ಚಿಡುತ್ತದೆ.

ಈಗ ನನ್ನ ಕೈಪಿಡಿಯ ಮೊದಲ ಕೆಲಸವೇ ತಾರೀಕಿನ ಪರೀಕ್ಷೆ. "ಯಾವುದಾದರೂ ಮನೆಯಲ್ಲಿ 25/11/2024 ಎಂದು ಹಾಕಿ ಎಂಟರ್ ಒತ್ತಿ. ಅಂಕಿ ಬಲಕ್ಕೆ ನಿಂತರೆ ಮುಂದಿನ ಪುಟಕ್ಕೆ ಹೋಗಿ. ಎಡಕ್ಕೆ ನಿಂತರೆ ಟೂಲ್ಸ್ ಮೆನು, ಅದರಲ್ಲಿ ಆಪ್ಷನ್ಸ್, ಅದರೊಳಗೆ ಭಾಷೆಯ ಭಾಗ, ಅಲ್ಲಿ ಲೊಕೇಲ್ ಎನ್ನುವ ಕಡೆ ಭಾರತ ಇರುವುದನ್ನು ಆರಿಸಿ." ಅರ್ಧ ನಿಮಿಷದ ಕೆಲಸ. ಬಲಕ್ಕೆ, ಎಡಕ್ಕೆ ಅನ್ನುವ ಗುರುತನ್ನು ಕಾಕಾನ ಮಾತಿನಿಂದಲೇ ತೆಗೆದುಕೊಂಡೆ.

ಮೊದಲ ಹತ್ತು ನಿಮಿಷ

ಕೈಪಿಡಿ ಹಿಡಿದು ಕೂತವರಿಗೆ ಹತ್ತು ನಿಮಿಷದೊಳಗೆ ಏನಾದರೂ ಒಂದು ಕೆಲಸ ಆಗಿ ಕಣ್ಣಿಗೆ ಕಾಣಬೇಕು. ಸಣ್ಣದಾದರೂ ಪೂರ್ತಿ ಆಗಿರಬೇಕು. ನನ್ನ ಕೈಪಿಡಿಯಲ್ಲಿ ಅದು ನಾಲ್ಕು ಲಾರಿಯ ಆವಕ ಮತ್ತು ಒಟ್ಟು ಚೀಲ. ಅಷ್ಟೇ.

ಸಾಫ್ಟ್‌ವೇರ್ ಎಲ್ಲಿ ಹುಟ್ಟಿತು, ಯಾರು ಮಾಡಿದರು, ಓಪನ್ ಸೋರ್ಸ್ ಅಂದರೆ ಏನು, ಇವೆಲ್ಲ ಆಮೇಲೆ. ನನಗೆ ಆ ಕಥೆ ಬಹಳ ಇಷ್ಟ. 2010ರಲ್ಲಿ ಓಪನ್ಆಫೀಸಿನಿಂದ ಒಂದು ಗುಂಪು ಹೊರಗೆ ಬಂದು ಲಿಬ್ರೆಆಫೀಸ್ ಶುರು ಮಾಡಿದ್ದು, ಅದನ್ನು ಯಾವ ಕಂಪನಿಯೂ ತನ್ನದು ಅಂತ ಕಟ್ಟಿಹಾಕದ ಹಾಗೆ ಒಂದು ಫೌಂಡೇಶನ್ ಮಾಡಿದ್ದು. ಕ್ಲಾಸಿನಲ್ಲಿ ಹುಡುಗರಿಗೆ ಹೇಳುತ್ತೇನೆ. ಆದರೆ ಹೊರಗೆ ಲಾರಿ ನಿಂತಿರುವಾಗ ಗುಮಾಸ್ತರಿಗೆ ಅದು ಬೇಕಾಗಿಲ್ಲ, ಅಲ್ವಾ? ಅದನ್ನು ಕೈಪಿಡಿಯ ಕೊನೆಯ ಭಾಗಕ್ಕೆ ಒಯ್ದೆ.

ಇನ್‌ಸ್ಟಾಲ್ ಮಾಡುವುದನ್ನೂ ಬೇರೆ ಹಾಳೆ ಮಾಡಿ. ಸಣ್ಣ ಊರುಗಳಲ್ಲಿ ಇನ್‌ಸ್ಟಾಲ್ ಮಾಡಿಕೊಡುವವರು ಒಬ್ಬರು, ಬಳಸುವವರು ಇನ್ನೊಬ್ಬರು. ಇಬ್ಬರಿಗೂ ಒಂದೇ ಪುಟ ಕೊಟ್ಟರೆ ಇಬ್ಬರಿಗೂ ಅರ್ಧ ಭಾಗ ವ್ಯರ್ಥ.

ಒತ್ತಿದರೆ ಏನು ಕಾಣುತ್ತದೆ, ಅದನ್ನೂ ಬರೆಯಿರಿ

ನನ್ನ ಹಳೆಯ ಕೈಪಿಡಿಯಲ್ಲಿ ಒಟ್ಟು ಮಾಡುವುದರ ಬಗ್ಗೆ ಒಂದೇ ಸಾಲು ಇತ್ತು. "ಚೀಲದ ಕಾಲಮ್‌ನ ಕೆಳಗಿನ ಸೆಲ್‌ನಲ್ಲಿ ಸಮ್ ಫಂಕ್ಷನ್ ಬಳಸಿ ಮೊತ್ತ ಪಡೆಯಿರಿ." ಗೊತ್ತಿದ್ದವರಿಗೆ ಇದು ಸಾಕು. ಆದರೆ ಗೊತ್ತಿದ್ದವರಿಗೆ ಕೈಪಿಡಿ ಯಾಕೆ ಬೇಕು? ಈಗ ಅದು ಹೀಗಿದೆ:

"ಚೀಲದ ಅಂಕಿಗಳು ಮುಗಿದ ಮೇಲೆ ಅದರ ಕೆಳಗಿನ ಖಾಲಿ ಮನೆಯ ಮೇಲೆ ಒಂದು ಸಲ ಕ್ಲಿಕ್ ಮಾಡಿ. ಮನೆಯ ಸುತ್ತ ದಪ್ಪ ಗೆರೆ ಬರುತ್ತದೆ. ಈಗ ಮೇಲೆ ನೋಡಿ. ಎಂ ಅಕ್ಷರವನ್ನು ಅಡ್ಡ ಮಲಗಿಸಿದ ಹಾಗೆ ಒಂದು ಗುರುತು ಇದೆ. ಅದನ್ನು ಒತ್ತಿ. ಚಿಕ್ಕ ಪಟ್ಟಿ ತೆರೆದರೆ ಅದರಲ್ಲಿ ಸಮ್ ಎನ್ನುವುದನ್ನು ಒತ್ತಿ. ಚೀಲದ ಅಂಕಿಗಳ ಸುತ್ತ ಬಣ್ಣದ ಚೌಕಟ್ಟು ಬರುತ್ತದೆ. ನಾಲ್ಕೂ ಅಂಕಿ ಅದರೊಳಗೆ ಇವೆಯಾ ನೋಡಿಕೊಳ್ಳಿ. ಇದ್ದರೆ ಎಂಟರ್ ಒತ್ತಿ. 40, 62, 55, 38 ಹಾಕಿದ್ದರೆ ಈಗ 195 ಕಾಣಬೇಕು. 0 ಕಂಡರೆ 4ನೇ ಪುಟ ತೆಗೆಯಿರಿ."

ಉದ್ದ ಆಯಿತು, ನಿಜ. ಓದಲು ಉದ್ದ, ಮಾಡಲು ಸಲೀಸು. ಒಂದು ವಾಕ್ಯಕ್ಕೆ ಒಂದೇ ಕೆಲಸ. ಕೆಲಸದ ಹಿಂದೆಯೇ ಕಣ್ಣಿಗೆ ಕಾಣಬೇಕಾದದ್ದು. ಮೊದಲ ಸಲ ಮಾಡುವವರಿಗೆ ಮುಖ್ಯ ಭಯ ಒಂದೇ, "ನಾನು ಸರಿಯಾಗಿ ಮಾಡಿದೆನೋ ಇಲ್ಲವೋ." ದಪ್ಪ ಗೆರೆ ಬಂತು ಅಂದರೆ ಸರಿಯಾಗಿದೆ ಅಂತ ಧೈರ್ಯ ಬರುತ್ತದೆ, ಮುಂದೆ ಹೋಗುತ್ತಾರೆ. ಕೊನೆಗೆ 195 ಎಂದು ಬರೆದದ್ದೂ ಅದಕ್ಕೇ. ಉತ್ತರ ಮೊದಲೇ ಗೊತ್ತಿದ್ದರೆ ತಾಳೆ ನೋಡಬಹುದು.

ಇನ್ನು ಆ 4ನೇ ಪುಟ. ಒಟ್ಟು ಮಾಡಿದರೆ 0 ಬರುವುದು ಯಾಕೆ? ಮಿಲ್ಲಿನ ಇನ್ನೊಬ್ಬ ಹುಡುಗ ಎಲ್ಲ ಮನೆಯಲ್ಲೂ "40 ಚೀಲ", "62 ಚೀಲ" ಎಂದು ಹಾಕಿದ್ದ. ಖಾತೆ ಪುಸ್ತಕದಲ್ಲಿ ಹಾಗೇ ಬರೆಯುತ್ತಾರೆ, ಅವನೂ ಹಾಗೇ ಬರೆದ. ಅಂಕಿಯ ಜೊತೆ ಮಾತು ಸೇರಿದರೆ ಕ್ಯಾಲ್ಕ್ ಅದನ್ನು ಅಕ್ಷರ ಎಂದು ತಿಳಿಯುತ್ತದೆ, ಕೂಡುವಾಗ ಬಿಟ್ಟುಬಿಡುತ್ತದೆ. ತಪ್ಪು ಎಂದು ಕೂಗಿ ಹೇಳುವುದೂ ಇಲ್ಲ, ಸುಮ್ನೆ 0 ತೋರಿಸುತ್ತದೆ. ನಾನು ಓದಿದ ಯಾವ ಇಂಗ್ಲಿಷ್ ಕೈಪಿಡಿಯ ಮೊದಲ ಪಾಠದಲ್ಲೂ ಇದು ಇರಲಿಲ್ಲ. ನಮ್ಮ ಜನ ಎಡವುವ ಕಲ್ಲುಗಳು ಬೇರೆ. ಅವನ್ನು ನಾವೇ ನೋಡಿ, ನಾವೇ ಬರೆಯಬೇಕು. "ಹೀಗಾದರೆ ಈ ಪುಟ" ಎನ್ನುವ ಇಂಥ ಜಾಗಗಳು ನನ್ನ ಕೈಪಿಡಿಯಲ್ಲಿ ಈಗ ಒಂಬತ್ತು ಇವೆ. ಒಂಬತ್ತೂ ಯಾರೋ ಒಬ್ಬರು ನಿಜವಾಗಿ ನಿಂತುಹೋದ ಜಾಗಗಳೇ. ಊಹೆಯಿಂದ ಬರೆದದ್ದು ಒಂದೂ ಇಲ್ಲ.

ಸೇವ್ ಮಾಡುವುದೂ ಅಂಥದ್ದೇ ಒಂದು ಜಾಗ. ಎಕ್ಸೆಲ್ ರೂಪದ ಫೈಲನ್ನು ಕ್ಯಾಲ್ಕ್‌ನಲ್ಲಿ ಸೇವ್ ಮಾಡಲು ಹೋದರೆ, ಎಕ್ಸೆಲ್ ರೂಪದಲ್ಲೇ ಇಡಬೇಕಾ ಇಲ್ಲಾ ಓಡಿಎಫ್ ರೂಪದಲ್ಲಿ (ಲಿಬ್ರೆಆಫೀಸ್ ತಾನಾಗಿ ಬಳಸುವ ರೂಪ) ಇಡಬೇಕಾ ಎಂದು ಕೇಳುತ್ತದೆ. ಮೊದಲ ಸಲ ನೋಡಿದವರು ಏನೋ ಕೆಟ್ಟಿತು ಅಂತ ಗಾಬರಿಯಾಗಿ ಕಂಪ್ಯೂಟರನ್ನೇ ಆಫ್ ಮಾಡಿದ್ದನ್ನು ನೋಡಿದ್ದೇನೆ. ಆ ಪ್ರಶ್ನೆಯ ಚಿತ್ರವನ್ನೇ ಹಾಕಿ, "ಇದು ತಪ್ಪಲ್ಲ, ಬರೀ ಪ್ರಶ್ನೆ" ಎಂದು ಬರೆದೆ. ಮಿಲ್ಲಿನಲ್ಲೇ ಇಟ್ಟುಕೊಳ್ಳುವ ಫೈಲಿಗೆ ಓಡಿಎಫ್, ಆಡಿಟರಿಗೆ ಕಳಿಸುವುದಕ್ಕೆ ಎಕ್ಸೆಲ್, ಎಂದು ಎರಡೇ ಸಾಲಿನಲ್ಲಿ ಹೇಳಿದೆ. ಕಾರಣ ಬೇಕಾದವರಿಗೆ ಕೈಪಿಡಿಯ ಕೊನೆಯ ಭಾಗದಲ್ಲಿದೆ.

ಯಾವ ಮಾತು ಬಳಸಬೇಕು

ಕನ್ನಡದಲ್ಲಿ ಬರೆಯುವವರಿಗೆ ಇದು ದೊಡ್ಡ ತಲೆನೋವು. ನನ್ನ ಅನುಭವದಲ್ಲಿ ಒಂದು ನಿಯಮ ಸಾಕು. ಪರದೆಯ ಮೇಲೆ ಇರುವ ಹೆಸರನ್ನು ಬದಲಿಸಬೇಡಿ, ಉಳಿದದ್ದೆಲ್ಲ ಜನರ ಬಾಯಲ್ಲಿ ಇರುವ ಹಾಗೆ ಬರೆಯಿರಿ.

ಮೆನುವಿನಲ್ಲಿ ಟೂಲ್ಸ್ ಎಂದು ಇದ್ದರೆ ಕೈಪಿಡಿಯಲ್ಲೂ ಟೂಲ್ಸ್ ಎಂದೇ ಇರಲಿ. "ಉಪಕರಣಗಳು" ಎಂದು ಬರೆದರೆ ಓದುವವರು ಪರದೆಯ ಮೇಲೆ ಉಪಕರಣಗಳನ್ನು ಹುಡುಕುತ್ತಾ ಕೂರುತ್ತಾರೆ. ಲಿಬ್ರೆಆಫೀಸಿನ ಮೆನುಗಳನ್ನು ಕನ್ನಡಕ್ಕೆ ತಿರುಗಿಸಬಹುದು. ಆಗ ಮೆನುವಿನಲ್ಲಿ ಫೈಲ್ ಬದಲು ಕಡತ ಎಂದು ಬರುತ್ತದೆ. ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಕಡತ ಎಂದರೆ ತಕ್ಷಣ ಗೊತ್ತಾಗುತ್ತದೆ, ಅವರು ದಿನವೂ ಅದನ್ನೇ ಹೊತ್ತು ತಿರುಗುವವರು. ಮಿಲ್ಲಿನ ಹುಡುಗರಿಗೆ ಫೈಲ್ ಎಂದರೇ ಸರಿ. ಹಾಗಾಗಿ ಓದುಗರ ಕಂಪ್ಯೂಟರ್ ಯಾವ ಭಾಷೆಯಲ್ಲಿದೆ ಎಂದು ಮೊದಲೇ ಕೇಳಿಕೊಂಡು, ಅದಕ್ಕೆ ತಕ್ಕ ಹಾಗೆ ಬರೆಯಿರಿ. ಎರಡನ್ನೂ ಒಂದೇ ಕೈಪಿಡಿಯಲ್ಲಿ ಬೆರೆಸಬೇಡಿ.

ಸೆಲ್ ಎನ್ನುವುದನ್ನು ನಾನು ಮೊದಲ ಪುಟದಲ್ಲಿ ಒಂದು ಸಲ ಹೇಳುತ್ತೇನೆ. "ಈ ಚೌಕಗಳಿಗೆ ಕಂಪ್ಯೂಟರಿನವರು ಸೆಲ್ ಅನ್ನುತ್ತಾರೆ, ನಾವು ಮನೆ ಅನ್ನೋಣ." ಆಮೇಲೆ ಪೂರ್ತಿ ಮನೆ. ಒಂದು ಕಡೆ ಮನೆ, ಇನ್ನೊಂದು ಕಡೆ ಕೋಶ, ಮತ್ತೊಂದು ಕಡೆ ಚೌಕ ಎಂದು ಬದಲಿಸಬೇಡಿ. ಶಾಲೆಯಲ್ಲಿ ಪ್ರಬಂಧ ಬರೆಯುವಾಗ ಒಂದೇ ಮಾತು ಮತ್ತೆ ಮತ್ತೆ ಬರಬಾರದು ಎಂದು ಹೇಳಿಕೊಟ್ಟಿದ್ದರು. ಕೈಪಿಡಿಗೆ ಅದು ಉಲ್ಟಾ. ಒಂದು ವಸ್ತುವಿಗೆ ಒಂದೇ ಹೆಸರು, ಮೊದಲಿಂದ ಕೊನೆಯವರೆಗೆ.

"ಸುಲಭವಾಗಿ", "ಬರೀ", "ಅಷ್ಟೇ ಮಾಡಿದರೆ ಆಯಿತು", ಇಂಥ ಮಾತುಗಳನ್ನು ತೆಗೆಯಿರಿ. ಸುಲಭ ಎಂದು ಬರೆದದ್ದು ಓದುವವರಿಗೆ ಬಾರದಿದ್ದರೆ, ತಪ್ಪು ತಮ್ಮದು ಎಂದುಕೊಂಡು ಅಲ್ಲೇ ಬಿಟ್ಟು ಏಳುತ್ತಾರೆ. ಕ್ಲಾಸಿನಲ್ಲಿ ಎಷ್ಟು ಹೆಣ್ಣುಮಕ್ಕಳು ಹೀಗೆ ಸುಮ್ಮನಾಗುವುದನ್ನು ನೋಡಿದ್ದೇನೆ. ಕೇಳಲು ನಾಚಿಕೆ, ಮುಂದೆ ಹೋಗಲು ಭಯ.

ಚಿತ್ರಗಳು ಮತ್ತು ಜೆರಾಕ್ಸ್

ಸ್ಕ್ರೀನ್‌ಶಾಟ್‌ಗೆ ಕೆಂಪು ಬಾಣ ಹಾಕಿ ಚೆಂದ ಮಾಡಿದ್ದೆ. ಮಿಲ್ಲಿನವರು ಅದನ್ನು ಕಪ್ಪು ಬಿಳುಪು ಜೆರಾಕ್ಸ್ ತೆಗೆಸಿದರು. ಬಾಣವೆಲ್ಲ ಬೂದು ಬಣ್ಣವಾಗಿ ಹಿನ್ನೆಲೆಯಲ್ಲಿ ಕರಗಿತು. "ಕೆಂಪು ಬಾಣ ಇರುವ ಕಡೆ ಒತ್ತಿ" ಎಂದು ಬರೆದ ಸಾಲು ಮಾತ್ರ ಉಳಿಯಿತು. ಈಗ ದಪ್ಪ ಕಪ್ಪು ವೃತ್ತದೊಳಗೆ ಬಿಳಿ ಅಂಕಿ ಹಾಕುತ್ತೇನೆ, 1, 2, 3. ಸಾಲಿನಲ್ಲೂ ಅದೇ ಅಂಕಿ. ಎಷ್ಟು ಸಲ ಜೆರಾಕ್ಸ್ ಆದರೂ ಕಾಣುತ್ತದೆ. ಕೈಪಿಡಿ ಕೊಡುವ ಮೊದಲು ಒಂದು ಪುಟವನ್ನು ನೀವೇ ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿ ನೋಡಿ.

ಪೂರ್ತಿ ಪರದೆಯ ಚಿತ್ರ ಹಾಕಬೇಡಿ. ಒತ್ತಬೇಕಾದ ಜಾಗ, ಅದರ ಸುತ್ತ ಸ್ವಲ್ಪ, ಅಷ್ಟು ಕತ್ತರಿಸಿ. ತುಂಬ ಜನ ಕಂಪ್ಯೂಟರಿನ ಮುಂದೆ ಕೂತು ಕೈಪಿಡಿಯನ್ನು ಫೋನಿನಲ್ಲಿ ತೆರೆದಿಡುತ್ತಾರೆ. ಅಗಲದ ಚಿತ್ರ ಅಲ್ಲಿ ಸಾಸಿವೆಯಷ್ಟಾಗುತ್ತದೆ. ಕೊಟ್ಟ ಫೈಲ್ ನೆಟ್ ಇಲ್ಲದಾಗಲೂ ತೆರೆಯುವಂತಿರಲಿ. ಚಿತ್ರದಲ್ಲಿ ನಿಜವಾದ ರೈತರ ಹೆಸರು, ಫೋನ್ ನಂಬರ್ ಯಾವುದೂ ಬರಬಾರದು. ಉದಾಹರಣೆಗೆ ಅಂತಲೇ ಒಂದು ಸುಳ್ಳು ಪಟ್ಟಿ ಮಾಡಿಟ್ಟುಕೊಳ್ಳಿ.

ನಾಲ್ಕು ಬಗೆ, ನಾಲ್ಕು ಕಡೆ

ಡನಿಯೆಲೆ ಪ್ರೊಚಿದಾ ಎನ್ನುವವರು ಕೈಪಿಡಿಗಳನ್ನು ನಾಲ್ಕು ಬಗೆ ಮಾಡಿದ್ದಾರೆ. ಅದಕ್ಕೆ ಡಯಾಟ್ಯಾಕ್ಸಿಸ್ ಎಂದು ಹೆಸರು. ಕೈ ಹಿಡಿದು ಕಲಿಸುವ ಪಾಠ, ಒಂದು ಕೆಲಸ ಮಾಡುವ ವಿಧಾನ, ಬೇಕಾದಾಗ ತೆಗೆದು ನೋಡುವ ವಿವರ, ಯಾಕೆ ಹೀಗೆ ಎನ್ನುವ ವಿವರಣೆ. ಇವನ್ನು ಬೆರೆಸಬೇಡಿ ಎನ್ನುವುದು ಅವರ ಮಾತು. ನನ್ನ ಮೊದಲ 14 ಪುಟದಲ್ಲಿ ನಾಲ್ಕೂ ಕಲಸಿದ್ದವು. ಈಗ ಪಾಠ ಆರು ಪುಟ, "ಹೀಗಾದರೆ ಹೀಗೆ ಮಾಡಿ" ಬೇರೆ, "ಯಾಕೆ" ಎನ್ನುವುದು ಕೊನೆಯ ಭಾಗದಲ್ಲಿ. ಎಲ್ಲ ಗುಂಡಿಗಳ ವಿವರ ನಾನು ಬರೆಯುವುದೇ ಇಲ್ಲ. ಲಿಬ್ರೆಆಫೀಸಿನವರೇ ದೊಡ್ಡ ಕ್ಯಾಲ್ಕ್ ಗೈಡ್ ಬರೆದು ಪುಕ್ಕಟೆ ಕೊಟ್ಟಿದ್ದಾರೆ, ಬೇಕಾದವರಿಗೆ ಅದನ್ನು ತೋರಿಸುತ್ತೇನೆ.

ಪಕ್ಕದಲ್ಲಿ ಕೂತು, ಬಾಯಿ ಮುಚ್ಚಿ

ಬರೆದು ಮುಗಿಸಿದ ಮೇಲೆ ಅದನ್ನು ಯಾವತ್ತೂ ನೋಡಿರದ ಒಬ್ಬರ ಕೈಗೆ ಕೊಟ್ಟು ಪಕ್ಕದಲ್ಲಿ ಕೂರಿ. ಮಾತಾಡಬೇಡಿ. ಇದು ಬಹಳ ಕಷ್ಟ. ಅವರ ಮೌಸ್ ತಪ್ಪು ಕಡೆ ಹೋಗುವಾಗ ನಮ್ಮ ಕೈ ತಾನಾಗಿ ಮುಂದೆ ಚಾಚುತ್ತದೆ. ನಾನು ಎರಡೂ ಕೈಯಲ್ಲಿ ನೋಟ್‌ಬುಕ್ಕು ಪೆನ್ನು ಹಿಡಿದುಕೊಂಡೇ ಕೂರುತ್ತೇನೆ.

ಮೊದಲೇ ಹೇಳಿಬಿಡಿ: "ಪರೀಕ್ಷೆ ನಿಮಗಲ್ಲ, ಈ ಕಾಗದಕ್ಕೆ. ನೀವು ಎಲ್ಲಿ ನಿಂತರೂ ತಪ್ಪು ನನ್ನ ಬರಹದ್ದು." ಇದನ್ನು ಹೇಳದಿದ್ದರೆ ಅವರು ಗೊತ್ತಾಗದ್ದನ್ನೂ ಗೊತ್ತಾಯಿತು ಎಂದು ತಲೆ ಆಡಿಸುತ್ತಾರೆ. ಮೇಷ್ಟ್ರು, ಮೇಡಂ ಮುಂದೆ ಗೊತ್ತಿಲ್ಲ ಅನ್ನುವುದು ನಮ್ಮಲ್ಲಿ ರೂಢಿ ಇಲ್ಲ.

ನೋಟ್‌ಬುಕ್ಕಿನಲ್ಲಿ ಮೂರು ವಿಷಯ ಬರೆಯಿರಿ. ಎಲ್ಲಿ ಕೈ ನಿಂತಿತು. ಯಾವ ಸಾಲನ್ನು ಎರಡನೇ ಸಲ ಓದಿದರು. ಬಾಯಿಂದ ಏನು ಮಾತು ಬಂತು. ಮೂರನೆಯದನ್ನು ಅವರ ಮಾತಿನಲ್ಲೇ ಬರೆಯಿರಿ, ನಿಮ್ಮ ಮಾತಿಗೆ ತಿರುಗಿಸಬೇಡಿ. ನನಗೆ ಮನೆ ಸಿಕ್ಕಿದ್ದು, ಮಲಗಿದ ಎಂ ಸಿಕ್ಕಿದ್ದು, ಬಲಕ್ಕೆ ಎಡಕ್ಕೆ ಸಿಕ್ಕಿದ್ದು ಎಲ್ಲ ಈ ನೋಟ್‌ಬುಕ್ಕಿನಿಂದಲೇ.

ಮೂವರನ್ನು ಕೂರಿಸಿದರೆ ಮುಖ್ಯ ತೊಡಕುಗಳು ಸಿಗುತ್ತವೆ. ಇಬ್ಬರು ಒಂದೇ ಕಡೆ ನಿಂತರೆ ಮೂರನೆಯವರಿಗೆ ಕಾಯಬೇಡಿ. ಮೊದಲು ಅದನ್ನು ತಿದ್ದಿ, ಆಮೇಲೆ ಕೂರಿಸಿ.

ನಿಮ್ಮ ಕೈಪಿಡಿ ಬೇರೆಯವರ ಕೈಗೆ

ಸಾಫ್ಟ್‌ವೇರ್ ಎಲ್ಲರದು ಅಂದ ಮೇಲೆ ಕೈಪಿಡಿಯನ್ನೂ ಬೇರೆಯವರು ತಿದ್ದುವ ಹಾಗೆ ಬಿಡಬೇಕು. ಮೊದಲ ಪುಟದಲ್ಲಿ ಯಾವ ಆವೃತ್ತಿಗೆ ಬರೆದದ್ದು, ಯಾವ ತಿಂಗಳು ಬರೆದದ್ದು ಎಂದು ಹಾಕಿ. ಲಿಬ್ರೆಆಫೀಸ್ ವರ್ಷಕ್ಕೆ ಎರಡು ಸಲ ದೊಡ್ಡ ಆವೃತ್ತಿ ತರುತ್ತದೆ. 2024ರಿಂದ ಅದರ ಸಂಖ್ಯೆಯಲ್ಲೇ ವರ್ಷ, ತಿಂಗಳು ಇದೆ: 24.2, 24.8 ಹೀಗೆ. ಓದುವವರು ತಮ್ಮ ಕಂಪ್ಯೂಟರಿನದನ್ನು ತಾಳೆ ನೋಡಬಹುದು.

ಯಾರು ಬೇಕಾದರೂ ಹಂಚಬಹುದು, ತಿದ್ದಬಹುದು ಎಂದು ಲೈಸೆನ್ಸ್ ಕೂಡ ಬರೆಯಿರಿ. ನಾನು ಕ್ರಿಯೇಟಿವ್ ಕಾಮನ್ಸ್‌ನ ಬಿವೈ-ಎಸ್‌ಎ ಹಾಕುತ್ತೇನೆ. ಹೆಸರು ಹೇಳಬೇಕು, ತಿದ್ದಿದ್ದನ್ನೂ ಹಾಗೇ ಹಂಚಬೇಕು ಎನ್ನುವುದು ಅದರ ಷರತ್ತು. ಬರೀ ಪಿಡಿಎಫ್ ಕೊಟ್ಟರೆ ತಿದ್ದಲು ಆಗುವುದಿಲ್ಲ, ಮೂಲ ಫೈಲನ್ನೂ ಕೊಡಿ. ಕನ್ನಡವನ್ನು ಈಗಿನ ಎಲ್ಲ ಕಂಪ್ಯೂಟರು, ಫೋನು ಓದಬಲ್ಲ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ಆಸ್ಕಿ ಫಾಂಟಿನಲ್ಲಿ ಮಾಡಿದ ಕೈಪಿಡಿ ಬೇರೆಯವರ ಫೋನಿನಲ್ಲಿ ಓದಲಾಗದ ಗುರುತುಗಳ ಸಾಲಾಗುತ್ತದೆ, ಅದರಲ್ಲಿ ಏನನ್ನೂ ಹುಡುಕಲೂ ಆಗುವುದಿಲ್ಲ. ನಾನು ಡಿಟಿಪಿ ಕೆಲಸ ಮಾಡುತ್ತಿದ್ದ ಕಾಲದ ಎಷ್ಟೋ ಒಳ್ಳೆಯ ಬರಹಗಳು ಹಾಗೆಯೇ ಬಂದಾಗಿ ಕೂತಿವೆ.

ಒಂದು ಪ್ರಾಜೆಕ್ಟಿನ ಒಳಗೆ ಹೋಗಿ ಕೆಲಸ ಮಾಡಬೇಕು ಅನ್ನುವವರು ಮೊದಲು ಅದರ ರೀಡ್‌ಮಿ, ಆಮೇಲೆ ಕಾಂಟ್ರಿಬ್ಯೂಟಿಂಗ್ ಎನ್ನುವ ಫೈಲ್ ಓದಿ. ಏನು ಹೇಗೆ ಕಳಿಸಬೇಕು ಎಂದು ಅಲ್ಲಿರುತ್ತದೆ. ಪೂರ್ತಿ ಕೈಪಿಡಿಗೆ ಕೈ ಹಾಕುವ ಮೊದಲು ಒಂದು ತಪ್ಪು ಸಾಲನ್ನು ತಿದ್ದಿ ಕಳಿಸಿ. ಕೋಡ್ ಬರಬೇಕಾಗಿಲ್ಲ. ಲಿಬ್ರೆಆಫೀಸಿನ ಮೆನುಗಳನ್ನು ಕನ್ನಡಕ್ಕೆ ತರುವ ಕೆಲಸ ವೆಬ್ಲೇಟ್ ಎನ್ನುವ ಅನುವಾದದ ಜಾಲತಾಣದಲ್ಲಿ, ಬ್ರೌಸರಿನಲ್ಲೇ ನಡೆಯುತ್ತದೆ. ಈಗಷ್ಟೇ ಕಲಿತವರು ಈ ಕೆಲಸಕ್ಕೆ ಇನ್ನೂ ಒಳ್ಳೆಯವರು. ನೀವು ಎಡವಿದ ಜಾಗ ಇನ್ನೂ ನೆನಪಿದೆ, ಪಳಗಿದವರಿಗೆ ಅದು ಮರೆತಿರುತ್ತದೆ. ಕಲಿಯುವ ದಿನಗಳಲ್ಲೇ ಎಲ್ಲಿ ಸಿಕ್ಕಿಕೊಂಡೆ ಎಂದು ಬರೆದಿಟ್ಟುಕೊಳ್ಳಿ.

ನನ್ನ ಕೈಪಿಡಿಯ ಕೊನೆಯ ಪುಟ ಖಾಲಿ. ಮೇಲೆ "ಎಲ್ಲಿ ನಿಂತಿತು? ಇಲ್ಲಿ ಬರೆಯಿರಿ" ಎಂದು ಮಾತ್ರ ಇದೆ. ಬರೆದು ಫೋಟೋ ತೆಗೆದು ಕಳಿಸಲು ಹೇಳಿದ್ದೇನೆ. ಹೋದ ವಾರ ಕಾಕಾ ಕಳಿಸಿದ ಫೋಟೋ ಬಂತು. ಪೆನ್ಸಿಲಿನಲ್ಲಿ ಬರೆದಿದ್ದರು: "ಪ್ರಿಂಟ್ ತೆಗೆದರೆ ಎರಡನೇ ಹಾಳೆಗೆ ತಲೆಬರಹ ಬರುವುದಿಲ್ಲ. ಯಾವುದು ಚೀಲ, ಯಾವುದು ತೂಕ ತಿಳಿಯದು." ಫಾರ್ಮ್ಯಾಟ್ ಮೆನುವಿನಲ್ಲಿ ಪ್ರಿಂಟ್ ರೇಂಜಸ್, ಅದರಲ್ಲಿ ಎಡಿಟ್, ಅಲ್ಲಿ ಪ್ರತಿ ಹಾಳೆಗೂ ಮತ್ತೆ ಬರಬೇಕಾದ ಸಾಲನ್ನು ಹೇಳುವ ಜಾಗ ಇದೆ. ಅದನ್ನು ಹೊಸ ಅಕೌಂಟಿನಲ್ಲಿ ಮಾಡಿ ನೋಡಿ, ಚಿತ್ರ ತೆಗೆದು, "ಹೀಗಾದರೆ" ಭಾಗದ ಹತ್ತನೇ ಪುಟವಾಗಿ ಬರೆಯುತ್ತಿದ್ದೇನೆ. ಶನಿವಾರ ಕಾರಟಗಿಗೆ ಹೋಗಿ ಕಾಕಾನ ಪಕ್ಕ ಕೂರಬೇಕು.